ನಾಲ್ಕನೇ ದಿನದ ಆರೈಕೆ

ಹನ್ನೊಂದನೇ ಮಂಚದಲ್ಲಿ ಆತ ಮತ್ತೆ ಕೂತಿರುವುದನ್ನು ಕಂಡಾಗ ಅವಳಿಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಅದೂ ಅಂಥ ದೊಡ್ಡ ಸಿಟ್ಟೇನಲ್ಲ; ಅಚ್ಚುಕಟ್ಟಾಗಿ ಬರೆದು ಮುಗಿಸಿದ ಪುಟದ ಮೇಲೆ ಯಾರೋ ಒದ್ದೆ ಲೋಟ ಇಟ್ಟರೆ ಬರುವಷ್ಟು. ಬೆಳಗಿನ ಏಳೂಕಾಲು. ರಾತ್ರಿ ಪಾಳಿಯವರು ಹೊರಡುವ ಆತುರದಲ್ಲಿದ್ದರು, ಹಗಲು ಪಾಳಿಯವರು ಇನ್ನೂ ಪಿನ್ನು ಬಾಯಲ್ಲಿ ಕಚ್ಚಿಕೊಂಡು ಕೂದಲು ಕಟ್ಟುತ್ತಿದ್ದರು, ಒರೆಸಿದ ನೆಲ ಅಲ್ಲಲ್ಲಿ ಮಾತ್ರ ಒಣಗಿತ್ತು. ಆತ ಮಂಚಕ್ಕೆ ಅಡ್ಡ ಎಳೆದ ಊಟದ ಮೇಜಿನ ಮೇಲೆ ಎರಡು ದಿಂಬು ಪೇರಿಸಿ, ಅವುಗಳ ಮೇಲೆ ತೋಳೂರಿ, ಮುಂದಕ್ಕೆ ಬಾಗಿ ಉಸಿರಾಡುತ್ತಿದ್ದ. ಮೂಗಿನಲ್ಲಿ ಆಮ್ಲಜನಕದ ನಳಿಕೆ. ಮಂಚದ ಅಂಚಿನಿಂದ ಜೋತುಬಿದ್ದ ಕಾಲುಗಳಲ್ಲಿ ಹರಡು ಎಲ್ಲಿ ಮುಗಿಯಿತು, ಮೀನಖಂಡ ಎಲ್ಲಿ ಶುರುವಾಯಿತು ಎಂದು ಹೇಳಲು ಬಾರದಂತೆ ಚರ್ಮ ಬಿಗಿದು ಹೊಳೆಯುತ್ತಿತ್ತು. ಅವಳ ಕಂಕುಳಲ್ಲಿದ್ದ ಫೈಲಿನ ಮೂವತ್ತೊಂದನೇ ಪುಟದಲ್ಲಿ ಇದೇ ಕಾಲುಗಳ ಬಗ್ಗೆ ಹೀಗೆ ಬರೆದಿತ್ತು: ‘ಊತ ಪೂರ್ಣ ಇಳಿದಿದೆ. ರೋಗಿ ಒಂದೇ ದಿಂಬಿನ ಮೇಲೆ ನೆಮ್ಮದಿಯಾಗಿ ನಿದ್ರಿಸುತ್ತಾರೆ. ಗುರಿ ಈಡೇರಿದೆ.’

ಆ ಫೈಲಿಗೆ ಇವತ್ತು ಸಹಿ ಆಗಬೇಕಿತ್ತು. ವರ್ಷಕ್ಕೆ ಆರು ಕೇಸ್ ಸ್ಟಡಿ. ಐದು ಮುಗಿದಿದ್ದವು, ಇದು ಕೊನೆಯದು. ಹತ್ತು ಗಂಟೆಗೆ ನರ್ಸಿಂಗ್ ಶಾಲೆಯ ಮೇಡಂ ವಾರ್ಡಿಗೆ ಬಂದು ನೋಡಿ ಸಹಿ ಹಾಕಿದರೆ ಪರೀಕ್ಷೆಗೆ ಕೂರಬಹುದು, ಇಲ್ಲದಿದ್ದರೆ ಇನ್ನು ಆರು ತಿಂಗಳು ಕಾಯಬೇಕು. ಆರು ತಿಂಗಳು ಅಂದರೆ ಮನೆಗೆ ಹೋಗಿ ಅಪ್ಪನ ಎದುರು ಕೂತು ಯಾಕೆ ಎಂದು ಹೇಳಬೇಕು. ಅದಕ್ಕಿಂತ ಈ ಉದ್ದನೆಯ ವಾರ್ಡು, ಅದರ ಇಪ್ಪತ್ತೆರಡು ಮಂಚ, ಚಕ್ರ ಕಿರುಗುಟ್ಟುವ ಔಷಧದ ಗಾಡಿ ಎಲ್ಲವೂ ಎಷ್ಟೋ ಮೇಲು ಎನಿಸುತ್ತಿತ್ತು. ಅವಳು ಹನ್ನೊಂದನೇ ಮಂಚದ ಕಡೆ ಹೋಗಲಿಲ್ಲ. ಒಂದನೇ ಮಂಚದಿಂದ ಜ್ವರ ನೋಡುತ್ತಾ ಬಂದು ಹತ್ತಕ್ಕೆ ನಿಂತು, ಥರ್ಮಾಮೀಟರ್ ಒರೆಸುವ ಹತ್ತಿ ಮುಗಿಯಿತೆಂದು ತನಗೇ ಹೇಳಿಕೊಂಡು ವಾಪಸಾದಳು. ಹತ್ತಿ ಬೇಕಾದಷ್ಟಿತ್ತು.

ಪುಸ್ತಕದ ಕೇಸುಗಳಲ್ಲಿ ಅವಳನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ. ‘ಅರವತ್ತೆರಡು ವರ್ಷದ ಗಂಡಸು, ಮೂರು ದಿನದಿಂದ ಉಬ್ಬಸ, ಮಲಗಿದರೆ ಹೆಚ್ಚು, ಕಾಲಲ್ಲಿ ಊತ. ದಾದಿ ಮೊದಲು ಮಾಡಬೇಕಾದದ್ದೇನು?’ ಎಂದು ನಾಲ್ಕು ಉತ್ತರ ಕೊಟ್ಟಿದ್ದರೆ, ಬೇರೆಯವರು ಎರಡರ ನಡುವೆ ಪೆನ್ನು ಕಚ್ಚುತ್ತಿರುವಾಗ ಇವಳು ಮುಂದಿನ ಪುಟದಲ್ಲಿರುತ್ತಿದ್ದಳು. ಪುಸ್ತಕದ ರೋಗಿಗಳು ಒಳ್ಳೆಯವರು. ಕೇಳಿದ್ದಕ್ಕಿಂತ ಹೆಚ್ಚು ಮಾತಾಡುವುದಿಲ್ಲ, ಪ್ರಶ್ನೆಗಳು ಮುಗಿಯುವ ತನಕ ಮಂಚ ಬಿಟ್ಟು ಏಳುವುದಿಲ್ಲ. ವಾರ್ಡಿನ ರೋಗಿಗಳಿಗೆ ಆ ಶಿಸ್ತಿಲ್ಲ. ಕೇಸ್ ಸ್ಟಡಿಗೆ ಐದು ದಿನದ ನಮೂನೆ ಇದೆ: ಮೊದಲ ದಿನ ರೋಗಿಯ ಪೂರ್ವಾಪರ ಕೇಳಿ ಬರೆದುಕೊಳ್ಳುವುದು, ಎರಡನೇ ದಿನ ತೊಂದರೆಗಳ ಪಟ್ಟಿ, ಮೂರನೇ ದಿನ ಆರೈಕೆ, ನಾಲ್ಕನೇ ದಿನ ಮನೆಗೆ ಹೋದ ಮೇಲೆ ಹೇಗಿರಬೇಕೆಂಬ ತಿಳಿವಳಿಕೆ, ಐದನೇ ದಿನ ಅದು ಎಷ್ಟು ತಲೆಗೆ ಹೋಗಿದೆ ಎಂಬ ಪರೀಕ್ಷೆ. ಆತ ಮೂರನೇ ದಿನ ಮಧ್ಯಾಹ್ನ, ಅವಳು ತರಗತಿಯಲ್ಲಿ ಮೂತ್ರಪಿಂಡದ ಚಿತ್ರ ಬಿಡಿಸುತ್ತಿರುವಾಗ, ಡಿಸ್ಚಾರ್ಜ್ ಆಗಿ ಹೊರಟುಹೋಗಿದ್ದ. ಮಂಚ ಬೇಕಾಗಿತ್ತು, ಉಸಿರು ಸುಧಾರಿಸಿತ್ತು, ನೀರಿಳಿಯುವ ಮಾತ್ರೆ ಬರೆದುಕೊಟ್ಟು ಕಳಿಸಿದ್ದರು. ನಾಲ್ಕನೇ ದಿನ ಬೆಳಿಗ್ಗೆ ತಿಳಿವಳಿಕೆಯ ಚಾರ್ಟು ಸುರುಳಿ ಸುತ್ತಿ ತಂದವಳಿಗೆ ಸಿಕ್ಕಿದ್ದು ಪಿತ್ತಕೋಶದ ಆಪರೇಷನ್ನಾದ ಒಬ್ಬ ದಪ್ಪ ಮನುಷ್ಯ. ಆತ ಚಾರ್ಟಿನಲ್ಲಿದ್ದ ಹೃದಯದ ಚಿತ್ರ ನೋಡಿ ಗಾಬರಿಯಾಗಿ, ನಂಗೆ ಅದೂ ಇದ್ಯಾ ಎಂದು ಕೇಳಿದ್ದ.

“ಪೇಷಂಟು ಹೋದ್ರೆ ಹೋದ, ಕೇಸು ಹೋಗುತ್ತಾ?” ಎಂದಿದ್ದಳು ಹಾಸ್ಟೆಲಿನ ಗೆಳತಿ. ಹಳೆಯ ಬ್ಯಾಚಿನವರ ಫೈಲು ನೋಡಿಯೇ ಮೂರು ವರ್ಷ ದಾಟಿದವಳಾದ್ದರಿಂದ ಎಲ್ಲರೂ ಅವಳನ್ನು ಜೆರಾಕ್ಸ್ ಎಂದೇ ಕರೆಯುತ್ತಿದ್ದರು. “ಸೇರಿದ ತಾರೀಕು ಎರಡು ದಿನ ಹಿಂದಕ್ಕೆ ಹಾಕು, ಲೆಕ್ಕ ಸರಿಹೋಗುತ್ತೆ. ಎಲ್ಲರೂ ಮಾಡೋದೇ. ಮೇಡಂ ಕೂಡ ಓದೋವಾಗ ಮಾಡಿರ್ತಾರೆ.” ಭಾನುವಾರ ಮಧ್ಯಾಹ್ನ ಮಂಚದ ಮೇಲೆ ಬೋರಲು ಮಲಗಿ ಅವಳು ಒಬ್ಬ ಮನುಷ್ಯನ ಎರಡು ದಿನ ಬರೆದಳು. ಕಷ್ಟವೇನೂ ಆಗಲಿಲ್ಲ. ಅಸಲಿಗಿಂತ ಅವೇ ಚೆನ್ನಾಗಿ ಬಂದವು. ನಾಲ್ಕನೇ ದಿನ ಆತ ತಿಳಿವಳಿಕೆಯನ್ನು ‘ಆಸಕ್ತಿಯಿಂದ ಆಲಿಸಿದರು’, ಐದನೇ ದಿನ ‘ತಮ್ಮದೇ ಮಾತಿನಲ್ಲಿ ತಿರುಗಿ ಹೇಳಿದರು’. ದಿನವೂ ಬೆಳಿಗ್ಗೆ ತೂಕ ನೋಡಿಕೊಳ್ಳಬೇಕು, ಉಪ್ಪು ಕಡಿಮೆ ಮಾಡಬೇಕು, ವಾರದಲ್ಲಿ ಎರಡು ಕಿಲೋ ಏರಿದರೆ ತಡಮಾಡದೆ ಬರಬೇಕು. ಮುತ್ತು ಪೋಣಿಸಿದಂಥ ಅಕ್ಷರ. ಒಂದು ಕಡೆಯೂ ಹೊಡೆದು ತಿದ್ದಿರಲಿಲ್ಲ.

ಅಕ್ಷರದ ಹೆಮ್ಮೆ ಅಪ್ಪನದು. ಅಂಚೆ ವಿಂಗಡಿಸುವ ಕೆಲಸ. ದಿನಕ್ಕೆ ಸಾವಿರಾರು ವಿಳಾಸ ಓದಿ ಓದಿ ಜಗತ್ತನ್ನು ಅವನು ಎರಡು ಭಾಗ ಮಾಡಿಕೊಂಡಿದ್ದ, ಓದಲು ಬರುವವರು ಮತ್ತು ಬಾರದವರು. ಅಕ್ಷರ ನೆಟ್ಟಗಿದ್ದರೆ ಕಾಗದ ತಾನಾಗಿ ಮನೆ ಹುಡುಕಿಕೊಂಡು ಹೋಗುತ್ತದೆ ಎಂದು ಮನೆಗೆ ಬಂದವರಿಗೆಲ್ಲ ಅವಳ ನೋಟುಬುಕ್ಕು ತೋರಿಸುತ್ತಿದ್ದ. ಐದನೇ ಕ್ಲಾಸಿನಲ್ಲಿ ರಜೆಯ ದಿನಚರಿ ಬರೆಯಲು ಹೇಳಿದ್ದರು. ರಜೆಯ ಕೊನೆಯ ದಿನ ಒಂದೇ ಪಟ್ಟಿನಲ್ಲಿ ಕೂತು ಮೂವತ್ತು ದಿನ ಬರೆದಿದ್ದಳು. ಎದ್ದೆ, ಹಲ್ಲುಜ್ಜಿದೆ, ಆಡಿದೆ ಎಂದು ಬರೆದು ಬರೆದು ಬೇಸರವಾಗಿ ನಡುವೆ ನಾಲ್ಕು ದಿನ ಅಪ್ಪನ ಜೊತೆ ಸಮುದ್ರಕ್ಕೂ ಹೋಗಿಬಂದಿದ್ದಳು. ಟೀಚರು ಅದನ್ನೇ ಅಪ್ಪನಿಗೆ ಓದಿ ಹೇಳಿದರು. ಎಷ್ಟು ಚೆನ್ನಾಗಿ ಕಣ್ಣಿಗೆ ಕಟ್ಟೋ ಹಾಗೆ ಬರೆದಿದ್ದಾಳೆ ನೋಡಿ ಎಂದರು. ಅಪ್ಪ ತಲೆಯಾಡಿಸಿದ. ಮನೆಗೆ ಬಂದು ಗೇಟು ತೆಗೆಯುವಾಗ, ಅವಳ ಕಡೆ ನೋಡದೆ, ಸಮುದ್ರ ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದಳು.

“ಮರಿ ಸಿಸ್ಟರ್.”

ಆತ ಅವಳನ್ನು ನೋಡಿಬಿಟ್ಟಿದ್ದ. ತರಬೇತಿಯವರನ್ನೆಲ್ಲ ಹಾಗೇ ಕರೆಯುತ್ತಿದ್ದ. ಹೋಗದೆ ವಿಧಿಯಿರಲಿಲ್ಲ. ಹೋದಳು. ಬೆಳಗಿನ ಜಾವ ಐದಕ್ಕೆ ಕರೆತಂದರಂತೆ. ಮಂಚದ ಪಕ್ಕ ಆತನ ಹೆಂಡತಿ ಕೂತಿದ್ದಳು, ಅವಸರದಲ್ಲಿ ತೊಟ್ಟ ಸ್ವೆಟರಿನ ಗುಂಡಿ ಒಂದು ಕಾಜಾ ತಪ್ಪಿ ಹಾಕಿಕೊಂಡು. ಹೆಂಗಸನ್ನು ಅವಳು ಮೊದಲು ನೋಡಿರಲಿಲ್ಲ. ಭೇಟಿಯ ಸಮಯ ಸಂಜೆ ನಾಲ್ಕರಿಂದ ಆರು, ವಿದ್ಯಾರ್ಥಿಗಳ ಪಾಳಿ ಒಂದಕ್ಕೇ ಮುಗಿಯುತ್ತದೆ.

“ಮೊನ್ನೆಯಿಂದ ಚಪ್ಪಲಿ ಹಿಡಿಸ್ಲಿಲ್ಲ,” ಎಂದ ಆತ, ನಡುನಡುವೆ ನಿಂತು. “ಚಪ್ಪಲಿ ಹಳೇದಾಯ್ತು, ಒಣಗಿ ಕುಗ್ಗಿದೆ ಅಂದ್ಕೊಂಡೆ.”

“ಮಾತಾಡ್ಬೇಡಿ ಅಂಕಲ್. ಸುಸ್ತಾಗುತ್ತೆ,” ಎಂದಳು. ಮಾತು ನಿಂತರೆ ಸಾಕಾಗಿತ್ತು. ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ಕುಳಿ ಬಿತ್ತು. ಎಣಿಸಿದಳು. ಇಪ್ಪತ್ತು ಎಣಿಸಿದರೂ ಕುಳಿ ತುಂಬಲಿಲ್ಲ. ಆಮೇಲೆ ಎಣಿಸುವುದನ್ನು ಬಿಟ್ಟಳು.

ಆತ ಲಾರಿ ತೂಕ ಹಾಕುವವನು. ಹೆದ್ದಾರಿಯ ಪಕ್ಕದ ತೂಕದ ಕಟ್ಟೆಯಲ್ಲಿ ಮೂವತ್ತೆರಡು ವರ್ಷ. ಮೊದಲ ದಿನ ಪೂರ್ವಾಪರ ಬರೆದುಕೊಳ್ಳುವಾಗ ‘ಉದ್ಯೋಗ’ ಎಂಬ ಕಾಲಮ್ಮಿಗೆ ಎರಡೇ ಪದ ಬೇಕಾಗಿದ್ದವು, ಆತ ಅರ್ಧ ಗಂಟೆ ಹೇಳಿದ್ದ. ಲಾರಿ ಕಟ್ಟೆ ಹತ್ತುವ ಮುಂಚೆಯೇ ಟೈರಿನ ಸದ್ದಿನ ಮೇಲೆ ತೂಕ ಹೇಳುತ್ತೇನೆ ಎಂದಿದ್ದ. ಡ್ರೈವರುಗಳು ಎಷ್ಟು ಕಿಲಾಡಿಗಳು ಅಂದರೆ ತುಂಬಿದ ಲಾರಿ ತರುವಾಗ ಸೀಟಿನ ಕೆಳಗೆ, ಹಲಗೆಯ ಸಂದಿಯಲ್ಲಿ ನೀರಿನ ಡಬ್ಬಗಳನ್ನು ಬಚ್ಚಿಟ್ಟಿರುತ್ತಾರೆ, ಖಾಲಿ ಲಾರಿ ತರುವ ಮುಂಚೆ ಅದನ್ನು ಚೆಲ್ಲಿ ಬರುತ್ತಾರೆ, ನೀರಿನ ತೂಕವೂ ಸರಕಿನ ಲೆಕ್ಕಕ್ಕೆ ಬೀಳುತ್ತದೆ. “ನೀರು ಮನುಷ್ಯನ ಕಣ್ಣು ತಪ್ಪಿಸಬಹುದು ಮರಿ ಸಿಸ್ಟರ್, ತಕ್ಕಡಿ ಕಣ್ಣು ತಪ್ಪಿಸಕ್ಕಾಗಲ್ಲ. ನೀರು ಸೇರ್ಕೊಂಡಿದ್ದು ಮೊದಲು ಗೊತ್ತಾಗೋದು ತೂಕಕ್ಕೇ.” ಅವಳು ಎದೆಗೆ ಸಿಕ್ಕಿಸಿದ ಗಡಿಯಾರ ನೋಡಿಕೊಳ್ಳುತ್ತಾ ‘ಹೂಂ’ ಎನ್ನುತ್ತಿದ್ದಳು. ನಾಲ್ಕನೇ ದಿನ ಇವಳು ಹೇಳಬೇಕಾಗಿದ್ದ ಪಾಠದ ತಿರುಳನ್ನು ಆತನೇ ಮೊದಲ ದಿನ ಹೇಳಿದ್ದ. ನಿಮ್ಮ ಮೈಗೂ ಹಾಗೇ, ದಿನಾ ಬೆಳಿಗ್ಗೆ ಒಂದು ತಕ್ಕಡಿ ಹತ್ತಿ ಎಂದು ಅಂದಿದ್ದರೆ ಸಾಕಿತ್ತು. ಈ ಊರಿನಲ್ಲಿ ಯಾರು ಮರೆತರೂ ಆತ ಒಬ್ಬ ಮರೆಯುತ್ತಿರಲಿಲ್ಲ. ಇದು ಈಗ, ಹೆಬ್ಬೆರಳಿನ ಕುಳಿ ನೋಡುತ್ತಾ ನಿಂತಾಗ, ಅವಳಿಗೆ ಮೊದಲ ಸಲ ಹೊಳೆಯಿತು. ಆಗ ಅನಿಸಿದ್ದಕ್ಕೆ ಹೆಸರು ಹುಡುಕಬೇಕಾಗಿರಲಿಲ್ಲ, ನಾಚಿಕೆ.

ಮೇಡಂ ಹತ್ತಕ್ಕೆ ಬಂದರು. ಗರಿಗರಿ ಇಸ್ತ್ರಿಯ ಕೋಟು, ಕತ್ತಿನಲ್ಲಿ ಕನ್ನಡಕದ ಸರ. ಫೈಲು ತೆಗೆದುಕೊಂಡು ಅಕ್ಷರ ನೋಡಿ, ಎಲ್ಲರೂ ಮಾಡುವಂತೆ, ಮೊದಲು ತುಸು ಮೆತ್ತಗಾದರು. ರೋಗಿಯ ಹೆಸರು ನೋಡಿ, ಬೆಳಿಗ್ಗೆ ಸೇರಿದವರ ಪಟ್ಟಿ ನೆನಪಾಗಿ ತಲೆಯೆತ್ತಿದರು.

“ಪೇಷಂಟ್ ಮತ್ತೆ ಸೇರಿದ್ದಾರಲ್ಲ. ಒಳ್ಳೇದೇ ಆಯ್ತು, ಅವರ ಹತ್ರಾನೇ ಹೋಗೋಣ ಬಾ. ನಿನ್ನ ಪಾಠ ಎಷ್ಟು ನಾಟಿದೆ ನೋಡೋಣ.”

ವಾರ್ಡಿನ ನಡುವಿನ ದಾರಿ ಹನ್ನೊಂದು ಮಂಚದಷ್ಟು ಉದ್ದ. ಹೇಳುವುದಾದರೆ ಇಲ್ಲೇ ಹೇಳಬೇಕು ಎಂದು ಮೂರನೇ ಮಂಚದ ಹತ್ತಿರ ಅಂದುಕೊಂಡಳು. ಆರನೇ ಮಂಚದವನು ನೀರು ಕೇಳಿದ, ಕೊಟ್ಟಳು. ಒಂಬತ್ತರ ಹತ್ತಿರ ಮೇಡಂ, ನಿನ್ನ ಐದು ಫೈಲೂ ಚೆನ್ನಾಗಿದ್ದವು ಎಂದರು. ಹತ್ತರ ಹತ್ತಿರ ಇನ್ನೇನು ಹೇಳುವುದು ಎನಿಸಿತು. ಆತ ಒಂದೇ ಒಂದು ಮಾತು ‘ಇಲ್ಲ’ ಎಂದರೆ ಎಲ್ಲ ಮುಗಿಯುತ್ತದೆ. ಮುಗಿಯಲಿ, ಆದರೆ ತನ್ನ ಬಾಯಿಂದ ಬೇಡ. ಇಷ್ಟು ಕಿರಿದಾದ ಯೋಚನೆ ತನ್ನೊಳಗೆ ಇಷ್ಟು ಸಲೀಸಾಗಿ ಓಡಾಡುತ್ತಿರುವುದನ್ನು ಅವಳು ಬೇರೆ ಯಾರದೋ ಎಂಬಂತೆ ನೋಡಿದಳು.

ಮೇಡಂ ಕನ್ನಡಕ ಏರಿಸಿ ಫೈಲಿನಿಂದ ಓದಿದರು. “ದಿನವೂ ಒಂದೇ ಹೊತ್ತಿಗೆ ತೂಕ ನೋಡಿಕೊಳ್ಳುವುದು. ಉಪ್ಪು, ನೀರು ಮಿತಿಯಲ್ಲಿರುವುದು. ತೂಕ ಏರಿದರೆ ಕೂಡಲೇ ಬರುವುದು. ಇದನ್ನೆಲ್ಲ ಈ ಹುಡುಗಿ ನಿಮಗೆ ಹೇಳಿಕೊಟ್ಟಿದ್ಲು, ಅಲ್ವಾ?”

ಆತ ಮೊದಲು ಮೇಡಂ ಕಡೆ ನೋಡಿದ. ಆಮೇಲೆ ಫೈಲಿನ ಕಡೆ. ಆಮೇಲೆ ಅವಳ ಕಡೆ. ಲಾರಿಯ ಕೆಳಗೆ ಬಗ್ಗಿ ನೋಡುವವರ ನೋಟ ಹೀಗೇ ಇರಬೇಕು. ಅವಸರವಿರಲಿಲ್ಲ, ಸಿಟ್ಟೂ ಇರಲಿಲ್ಲ. ಅವಳು ತನ್ನ ಬೂಟಿನ ಲೇಸು ನೋಡಿಕೊಂಡಳು.

“ಹೂಂ,” ಎಂದ ಆತ. “ಹೇಳಿದ್ರು.”

“ತೂಕ ನೋಡ್ಕೊಂಡ್ರಾ?”

“ಇಲ್ಲ.”

“ಯಾಕೆ?”

“ಸೋಮಾರಿತನ,” ಎಂದ. ಮೂವತ್ತೆರಡು ವರ್ಷ ಒಂದು ದಿನ ತಪ್ಪದೆ ಬೆಳಗಿನ ಆರಕ್ಕೆ ಕಟ್ಟೆಯ ಬಾಗಿಲು ತೆಗೆದವನು.

ಹೆಂಡತಿ ಸ್ಟೂಲಿನಿಂದ ಎದ್ದೇಬಿಟ್ಟಳು. “ಹೇಳಿದ್ರಾ? ನಿಮಗೆ ಇದೆಲ್ಲ ಗೊತ್ತಿತ್ತಾ? ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ರೀ? ಸಪ್ಪೆ ಅಂತ ಮೇಲಿಂದ ಉಪ್ಪು ಹಾಕ್ಕೊಂಡು ತಿನ್ನೋವಾಗ ನಾನೇ ಡಬ್ಬಿ ಮುಂದಿಡ್ತಿದ್ದೆ.”

“ಏನ್ ಮಾಡೋದಮ್ಮ, ಎಷ್ಟು ಹೇಳಿದ್ರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ,” ಎಂದರು ಮೇಡಂ, ಮೆಲ್ಲಗೇನಲ್ಲ. ಹತ್ತನೇ ಮಂಚದವನೂ ಹನ್ನೆರಡನೇ ಮಂಚದವನೂ ಹೌದೆಂಬಂತೆ ನೋಡಿದರು. ರೋಗಿಗಳಿಗೆ ಇನ್ನೊಬ್ಬ ರೋಗಿಯ ತಪ್ಪು ಅಂದರೆ ಒಂದು ಬಗೆಯ ಹಿತ. “ಇಷ್ಟು ವಯಸ್ಸಾಗಿ ಈ ಮಗು ಹೇಳಿದ ಮಾತು ಕೇಳೋಕೆ ನಿಮಗೇನು ಕಷ್ಟ ಆಗಿತ್ತು? ಇವಳ ಕಷ್ಟಕ್ಕೆ ಬೆಲೆ ಬೇಡ್ವಾ?” ಆತ ಪೇರಿಸಿದ ದಿಂಬಿನ ಮೇಲೆ ತಲೆ ತಗ್ಗಿಸಿ ಕೇಳಿಸಿಕೊಂಡ. ಮೇಡಂ ಅಲ್ಲೇ ನಿಂತು, ಊಟದ ಮೇಜಿನ ತುದಿಯ ಮೇಲೆ ಫೈಲಿಟ್ಟು, ಕೊನೆಯ ಪುಟದಲ್ಲಿ ಸಹಿ ಹಾಕಿದರು. ‘ಉತ್ತಮ’ ಎಂದೂ ಬರೆದರು. ಸಹಿ ಆಗುವ ಹೊತ್ತಿಗೆ ಆಗಬೇಕಾದ ಸಂತೋಷ ಒಂದು ಸಣ್ಣ ಪ್ರಮಾಣದಲ್ಲಿ ಆಯಿತು ಕೂಡ. ಅದನ್ನು ಅವಳು ಅಲ್ಲಗಳೆಯಲಾರಳು.

“ಹೋಗಿ ಇವರ ಕೇಸ್ ಶೀಟಲ್ಲಿ ನಮೂದಿಸು. ಹಿಂದೆ ತಿಳಿವಳಿಕೆ ನೀಡಲಾಗಿತ್ತು, ರೋಗಿ ಪಾಲಿಸಿಲ್ಲ ಅಂತ. ಡಾಕ್ಟರಿಗೆ ಗೊತ್ತಾಗಬೇಕು.”

ಸಿಸ್ಟರುಗಳ ಮೇಜಿನ ಹತ್ತಿರ ನಿಂತು ಅವಳು ಅದನ್ನೂ ಬರೆದಳು. ತನ್ನ ಫೈಲಿನಲ್ಲಿ ಬರೆದದ್ದು ಎಷ್ಟೆಂದರೂ ತನ್ನ ಫೈಲು. ಕಟ್ಟಿ ಕಪಾಟಿನಲ್ಲಿಟ್ಟರೆ ಜಿರಲೆಗೆ ಬಿಟ್ಟರೆ ಇನ್ಯಾರಿಗೂ ಬೇಡ. ಇದು ಆತನ ಹಾಳೆ. ನಾಳೆ ಯಾವ ಡಾಕ್ಟರು ಬಂದರೂ, ಇನ್ನೊಂದು ಸಲ ಉಸಿರುಕಟ್ಟಿ ಬಂದರೂ, ಮೊದಲು ಈ ಸಾಲು ಓದಿ, ಆಮೇಲೆ ಆತನ ಮುಖ ನೋಡುತ್ತಾರೆ. ಹೇಳಿದರೂ ಕೇಳದವನು. ಅಕ್ಷರ ಎಂದಿನಂತೆ ದುಂಡಗೆ ಬಂತು. ಕೈಗೆ ಏನೂ ಅನಿಸುವುದಿಲ್ಲ ಎಂಬುದು ಅವಳಿಗೆ ಹೆದರಿಕೆ ಹುಟ್ಟಿಸಿತು. ಮೇಡಂ ಎಂಟನೇ ಮಂಚದ ಹತ್ತಿರ ಜೆರಾಕ್ಸಳ ಫೈಲು ನೋಡುತ್ತಿದ್ದರು. ಇವಳ ಫೈಲು ಅವರ ಕೈಯಲ್ಲೇ ಇತ್ತು.

ಬಿ.ಪಿ. ನೋಡುವ ಹೊತ್ತಾಯಿತೆಂದು ಮತ್ತೆ ಹನ್ನೊಂದಕ್ಕೆ ಹೋಗಬೇಕಾಯಿತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ತೋಳಿಗೆ ಪಟ್ಟಿ ಸುತ್ತುವಾಗ ಆತ ಮೆಲ್ಲಗೆ, “ಸಹಿ ಸಿಕ್ತಲ್ಲ?” ಎಂದು ಕೇಳಿದ. ಅವಳು ಕಿವಿಗೆ ಸ್ಟೆತ್ ಇಟ್ಟುಕೊಂಡಿದ್ದರಿಂದ ಕೇಳಿಸಲಿಲ್ಲವೆಂಬಂತೆ ಇದ್ದಳು. ಪಟ್ಟಿ ಬಿಚ್ಚಿ ಸುತ್ತಿಡುವಾಗ ಹೆಂಡತಿ ಅವಳ ಮಣಿಕಟ್ಟು ಹಿಡಿದುಕೊಂಡಳು.

“ನೋಡಮ್ಮ, ಇವರ ಪರವಾಗಿ ನಾನು ತಪ್ಪಾಯ್ತು ಅಂತೀನಿ. ನೀನು ಪಾಪ ಅಷ್ಟು ಮುತುವರ್ಜಿಯಿಂದ ಹೇಳಿದ್ದೆ. ಬೇಜಾರು ಮಾಡ್ಕೋಬೇಡ. ಇನ್ನೊಂದು ಸಲ ನನಗೆ ಹೇಳು. ನಾನು ಕೇಳಿಸ್ಕೋತೀನಿ, ನಾನು ಮಾಡಿಸ್ತೀನಿ.”

ಮಣಿಕಟ್ಟಿನ ಮೇಲಿನ ಕೈ ಒರಟಾಗಿತ್ತು, ಬಿಸಿಯಾಗಿತ್ತು. ಅವಳಿಗೆ ಆ ಕೈ ಬಿಡಿಸಿಕೊಂಡು ಓಡಬೇಕೆನಿಸಿತು. ಯಾರಾದರೂ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಪ್ಪಾಯ್ತು ಎನ್ನಿಸಿಕೊಳ್ಳುವುದು ಹೇಗೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

“ಇನ್ನೊಂದು ಸಲ ಅಲ್ಲಮ್ಮ,” ಎಂದಳು. ದನಿ ತನ್ನದೇ ಹೌದೋ ಅಲ್ಲವೋ ಎಂಬಂತಿತ್ತು. “ನಾನು ಹೇಳೇ ಇಲ್ಲ. ಇವರಿಗೆ ಏನೂ ಹೇಳಿರ್ಲಿಲ್ಲ.”

ಹೆಂಡತಿ ಗಂಡನ ಕಡೆ ತಿರುಗಿದಳು. “ಹೌದೇನ್ರೀ?” ಆತ ಕಣ್ಣು ಮುಚ್ಚಿದ್ದ.

“ಯಾಕೆ ಹೇಳ್ಲಿಲ್ಲ?” ಎಂದು ಹೆಂಡತಿ ಇವಳನ್ನು ಕೇಳಿದಳು.

ಕಾರಣಗಳನ್ನು ಅವಳು ಒಂದೊಂದಾಗಿ ನೋಡಿದಳು. ತರಗತಿ ಇತ್ತು. ಮಂಚ ಖಾಲಿ ಮಾಡಿಸಿದರು. ಎಲ್ಲರೂ ಹೀಗೇ ಬರೆಯುತ್ತಾರೆ. “ಅದು ನಾಲ್ಕನೇ ದಿನ ಹೇಳೋದು ಅಂತ ಇತ್ತು,” ಎಂದಳು. “ಇವರು ಮೂರನೇ ದಿನಾನೇ ಹೋಗ್ಬಿಟ್ರು.”

ಹೆಂಡತಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗುವಂಥದ್ದೂ ಆಗಿರಲಿಲ್ಲ. ಮಣಿಕಟ್ಟು ಬಿಟ್ಟಳು. “ಅರ್ಧ ಗಂಟೆಯಿಂದ ನಾನು ಇವರನ್ನ ಮಾತಾಡಿಸಿಲ್ಲ,” ಎಂದಳು, ಯಾರಿಗೋ ಲೆಕ್ಕ ಒಪ್ಪಿಸುವಂತೆ.

“ಹೋಗ್ಲಿ ಬಿಡೇ,” ಎಂದ ಆತ, ಕಣ್ಣು ತೆರೆಯದೆ. “ಸಣ್ಣ ಹುಡುಗಿ.”

“ಸಣ್ಣ ಹುಡುಗಿ ಅಲ್ಲರೀ,” ಎಂದಳು ಹೆಂಡತಿ. “ನರ್ಸು.”

ಮೂರು ಮಂಚದಾಚೆ ಮೇಡಂ ಜೆರಾಕ್ಸಳಿಗೆ ಏನೋ ಕೇಳುವುದನ್ನು ನಿಲ್ಲಿಸಿ ಇತ್ತ ತಿರುಗಿದ್ದರು. ಹೆಂಡತಿ ಸ್ಟೂಲನ್ನು ಗಂಡನ ಹತ್ತಿರಕ್ಕೆ ಎಳೆದು ಕೂತು, ಸ್ವೆಟರು ಸರಿಮಾಡಿಕೊಂಡು, ಹೇಳು ಎಂದಳು. ಅವಳು ಹೇಳಿದಳು. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ, ಒಂದೇ ತಕ್ಕಡಿಯಲ್ಲಿ. ಆತ ಕಣ್ಣು ತೆರೆದು, ನಮ್ಮ ಕಟ್ಟೆ ಹತ್ತತ್ತು ಕಿಲೋ ಲೆಕ್ಕದಲ್ಲೇ ತೋರ್ಸೋದು, ಅದರ ಮೇಲೆ ನಿಂತ್ರೆ ಆಗಲ್ಲ ಎಂದ. ತರಕಾರಿ ಅಂಗಡಿಯವನ ಹತ್ತಿರ ಪ್ಲಾಟ್‌ಫಾರಂ ತಕ್ಕಡಿ ಇದೆ, ನೂರು ಗ್ರಾಮಿಗೂ ಕದಲುತ್ತದೆ, ಆದರೆ ಅವನದು ಸ್ವಲ್ಪ ಜಾಸ್ತಿ ತೋರಿಸುತ್ತದೆ ಎಂದ. ಜಾಸ್ತಿ ತೋರಿಸಿದರೆ ಪರವಾಗಿಲ್ಲ, ದಿನವೂ ಅಷ್ಟೇ ಜಾಸ್ತಿ ತೋರಿಸಬೇಕು ಎಂದಳು. ಆತ ಮೆಚ್ಚಿದವನಂತೆ ಅವಳನ್ನು ನೋಡಿದ. ಎರಡು ಕಿಲೋ ಏರಿದರೆ ಎಂಬಲ್ಲಿಗೆ ಬಂದಾಗ ಹೆಂಡತಿ ತಡೆದು, ವಾರಕ್ಕಾ ದಿನಕ್ಕಾ ಎಂದು ಕೇಳಿದಳು. ಅಂಥ ಪ್ರಶ್ನೆ ಅವಳು ಬರೆದ ನಾಲ್ಕನೇ ದಿನದಲ್ಲಿ ಯಾರೂ ಕೇಳಿರಲಿಲ್ಲ.

ಮುಗಿಸಿ ತಿರುಗಿದಾಗ ಮೇಡಂ ಹಿಂದೆಯೇ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಗೊತ್ತಾಗಲಿಲ್ಲ. ಬೈಯಲಿಲ್ಲ. ಫೈಲು ತೆರೆದು, ಕೊನೆಯ ಪುಟದ ಸಹಿಯ ಮೇಲೆ ಒಂದು ಗೆರೆ ಎಳೆದು, ಫೈಲನ್ನು ಅವಳ ಕೈಗೆ ಕೊಟ್ಟರು. “ಕೇಸ್ ಶೀಟಲ್ಲಿ ಬರೆದಿದ್ದನ್ನ ಹೊಡೆದು ಹಾಕಿ, ಸರಿಯಾದದ್ದು ಬರಿ. ಟೈಮು ಹಾಕೋದು ಮರೀಬೇಡ. ಅಪ್ಪಂಗೆ ನೀನೇ ಫೋನ್ ಮಾಡ್ತೀಯೋ, ಆಫೀಸಿಂದ ಮಾಡಿಸ್ಲೋ?”

“ನಾನೇ ಮಾಡ್ತೀನಿ ಮೇಡಂ.”

ಮೇಜಿನ ಹತ್ತಿರ ಹೋಗಿ, ಮೊದಲಿನ ಸಾಲನ್ನು ಹೊಡೆದು, ಅದರ ಕೆಳಗೆ ‘ಹಿಂದೆ ತಿಳಿವಳಿಕೆ ನೀಡಿರಲಿಲ್ಲ. ಇಂದು ರೋಗಿಗೂ ಪತ್ನಿಗೂ ನೀಡಲಾಗಿದೆ’ ಎಂದು ಬರೆದಳು. ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೂ ಹಾಕಬೇಕು. ಎದೆಗೆ ಸಿಕ್ಕಿಸಿಕೊಂಡ ಗಡಿಯಾರ ನೋಡಿದಳು, ಬಿ.ಪಿ. ಬರೆದ ಹೊತ್ತು ನೋಡಿ, ಇನ್ನೊಂದು ಸಲ ಲೆಕ್ಕ ಹಾಕಿದಳು. ಹತ್ತು ಐವತ್ತರಿಂದ ಹತ್ತು ಐವತ್ತನಾಲ್ಕು. ನಾಲ್ಕೇ ನಿಮಿಷ ಹಿಡಿದಿತ್ತು.